ಒಣಗಿದ ಮೇಲೆ ಬೆಳ್ಳಗಾಗುತ್ತದೆ

ನನಗೆ ಚಿತ್ರ ಕಲಿಸಿದವರು ಇಬ್ಬರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಒಬ್ಬರು ಆಳಂದದವರು, ಇನ್ನೊಬ್ಬರು ಅಫಜಲಪುರದವರು. ನಾನು ಜೇವರ್ಗಿ ತಾಲ್ಲೂಕಿನ ಇಜೇರಿಯವಳು. ಗುಲ್ಬರ್ಗದ ಆ ಸಣ್ಣ ಚಿತ್ರಕಲಾ ಶಾಲೆಯಲ್ಲಿ ನಾವು ಮೂವರು ಒಂದೇ ಕಡೆ ನಿಂತರೆ ಉಳಿದ ಹುಡುಗರು, "ಮೂರು ತಾಲ್ಲೂಕಿನ ಮೀಟಿಂಗ್ ನಡದದ" ಎಂದು ನಗುತ್ತಿದ್ದರು. ಎಂಬತ್ತರ ದಶಕದ ಮಾತು. ಇಡೀ ಶಾಲೆಯಲ್ಲಿ ಹುಡುಗಿಯರು ನಾಲ್ಕೇ ಮಂದಿ. ಅವರಲ್ಲಿ ದೊಡ್ಡ ದನಿ ನನ್ನದು.

ಇಬ್ಬರು ಸರ್‌ಗಳೂ ಮಾಡುತ್ತಿದ್ದದ್ದು ಅಮೂರ್ತ ಚಿತ್ರ. ಅಂದರೆ ಅದರಲ್ಲಿ ಮನೆ ಇಲ್ಲ, ಎತ್ತು ಇಲ್ಲ, ಕೊಡ ಹೊತ್ತ ಹೆಂಗಸು ಇಲ್ಲ. ಬಣ್ಣ ಉಂಟು, ಅಷ್ಟೇ. ಆಳಂದದ ಸರ್ ಬ್ರಷ್ ಮುಟ್ಟುತ್ತಿರಲಿಲ್ಲ. ಗೌಂಡಿಗಳು ಗೋಡೆಗೆ ಗಾರೆ ಮೆತ್ತುವ ಕರಣಿ ಇರುತ್ತದಲ್ಲ, ಅದರಿಂದಲೇ ಕ್ಯಾನ್ವಾಸಿನ ಮೇಲೆ ಬಣ್ಣ ಮೆತ್ತುತ್ತಿದ್ದರು. "ಗಿಡ ಬಿಡಸಬ್ಯಾಡ. ಗಿಡದ ಭಾರ ಹಾಕು" ಎನ್ನುತ್ತಿದ್ದರು. ಮೊದಲ ತಿಂಗಳು ನನಗೆ ಅದರ ತಲೆಬುಡ ತಿಳಿಯಲಿಲ್ಲ. ಒಂದು ದಿನ ಸಿಟ್ಟು ಬಂದು ಕರಣಿಯ ತುಂಬ ಕಪ್ಪು ಎತ್ತಿ ಕ್ಯಾನ್ವಾಸಿನ ಮೂಲೆಗೆ ಬಡಿದೆ. "ಹಾಂ, ಈಗ ಬಂತು ನೋಡು" ಎಂದರು. ಸಿಟ್ಟಿಗೂ ಕಲೆಯಲ್ಲಿ ಜಾಗ ಇದೆ ಎಂದು ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರು ಯಾರೂ ಇರಲಿಲ್ಲ.

ಅಫಜಲಪುರದ ಸರ್ ಪೂರಾ ಉಲ್ಟಾ. ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಕ್ಯಾನ್ವಾಸನ್ನು ವಾಲಿಸಿ ಹಿಡಿದು ಹರಿಯಬಿಡುತ್ತಿದ್ದರು. ಆಮೇಲೆ ಹಳೆಯ ಧೋತರದ ಚೂರು ಹಿಡಿದು ಒರೆಸುತ್ತ ಕೂಡುತ್ತಿದ್ದರು. "ಒರಸು. ಎಷ್ಟು ಒರಸಿದ್ರೂ ಹೋಗಂಗಿಲ್ಲ ಅನ್ನೋದು ಉಳೀತದಲ್ಲ, ಅದು ಚಿತ್ರ" ಎನ್ನುತ್ತಿದ್ದರು. ಅವರ ಹಣೆಯ ಮೇಲೆ ಬೆಳಿಗ್ಗೆ ಹಚ್ಚಿದ ವಿಭೂತಿಯ ಮೂರು ಗೆರೆ ಸಂಜೆಯವರೆಗೂ ಅಳಿಯುತ್ತಿರಲಿಲ್ಲ. ಈ ಹಣೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಾನು ಇಬ್ಬರದೂ ಕಲಿತೆ. ಬೇಗ ಕಲಿತೆ. ಸುಳ್ಳು ವಿನಯ ನನಗೆ ಬರುವುದಿಲ್ಲ: ಕರಣಿ ಹಿಡಿದರೆ ಆಳಂದದ ಸರ್ ಕೈ, ಧೋತರದ ಚೂರು ಹಿಡಿದರೆ ಅಫಜಲಪುರದ ಸರ್ ಕೈ ನನ್ನ ತೋಳಿನಿಂದ ಇಳಿದು ಬರುತ್ತಿತ್ತು. ಕೊನೆಯ ವರ್ಷದ ನಡುವೆ ಶಾಲೆಯ ಹಾಲ್‌ನಲ್ಲಿ ನಮ್ಮ ಚಿತ್ರಗಳನ್ನು ತೂಗುಹಾಕಿದಾಗ ನನ್ನವು ಎರಡು ಇದ್ದವು. ಯಾರು ಬಂದರೂ ಅವುಗಳ ಮುಂದೆಯೇ ನಿಲ್ಲುತ್ತಿದ್ದರು. ನಾನು ಬಾಗಿಲ ಹತ್ತಿರ ಎದೆ ಉಬ್ಬಿಸಿಕೊಂಡು ನಿಂತಿದ್ದೆ.

ಸರ್‌ಗಳಿಬ್ಬರೂ ಬಂದರು. ಆಳಂದದ ಸರ್ ಮೊದಲನೆಯ ಚಿತ್ರ ನೋಡಿ, "ಇದು ನಂದು" ಎಂದರು. ಅಫಜಲಪುರದ ಸರ್ ಎರಡನೆಯದರ ಮುಂದೆ ನಿಂತು, "ಇದು ನಂದು" ಎಂದರು. ಜೀವಮಾನದಲ್ಲಿ ಮೊದಲ ಸಲ ಅವರಿಬ್ಬರೂ ಒಪ್ಪಿದ ಮಾತು ಅದು. ಆಮೇಲೆ ಅಫಜಲಪುರದ ಸರ್ ನನ್ನ ಕಡೆ ತಿರುಗಿ ಕೇಳಿದರು, "ನಿಂದು ಎಲ್ಲಿ ಅದವ್ವ?"

ಹಾಲ್ ತುಂಬ ಜನ ಇದ್ದರು. ನನ್ನ ಕಿವಿ ಬಿಸಿಯಾದವು. ಕೊನೆಯ ಪರೀಕ್ಷೆಗೆ ಒಂದು ದೊಡ್ಡ ಚಿತ್ರ ಕೊಡಬೇಕು, ಅದಕ್ಕೆ ಇಬ್ಬರ ಸಹಿಯೂ ಬೀಳಬೇಕು, ಇಲ್ಲದಿದ್ದರೆ ಪಾಸಿಲ್ಲ. ಆಳಂದದ ಸರ್ ಅಲ್ಲೇ, ಎಲ್ಲರ ಎದುರಿಗೇ ಹೇಳಿಬಿಟ್ಟರು: "ನಂದೇ ನನಗ ತಂದು ತೋರಿಸಿದ್ರ ಸಹಿ ಹಾಕಂಗಿಲ್ಲ." ಇನ್ನೊಬ್ಬರು ತಲೆ ಅಲ್ಲಾಡಿಸಿದರು. ಜಗಳವಾಡುವ ಇಬ್ಬರ ನಡುವೆ ಆರಾಮಾಗಿ ಉಣ್ಣುತ್ತಿದ್ದವಳ ತಾಟನ್ನು ಇಬ್ಬರೂ ಸೇರಿ ಕಸಿದುಕೊಂಡರು.

ಬೇಸಿಗೆ ರಜೆಗೆ ಐದು ಅಡಿ ಎತ್ತರದ ಕ್ಯಾನ್ವಾಸು, ಬಣ್ಣದ ಪೆಟ್ಟಿಗೆ, ಕರಣಿ, ಚಿಂದಿ ಎಲ್ಲ ಕಟ್ಟಿಕೊಂಡು ಇಜೇರಿಗೆ ಬಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದೇ ಹಟ: ಈ ಇಬ್ಬರನ್ನೂ ಮುಚ್ಚಿಬಿಡಬೇಕು. ಯೋಚನೆ ಸರಳವಾಗಿತ್ತು. ಅವರಿಂದ ಕಲಿತದ್ದನ್ನೆಲ್ಲ ಒಂದೇ ಕ್ಯಾನ್ವಾಸಿನ ಮೇಲೆ ಹಾಕುವುದು, ಆಮೇಲೆ ಎಲ್ಲದರ ಮೇಲೆ ಬಿಳಿ ಬಳಿಯುವುದು. ಅಂಚಿನಲ್ಲೆಲ್ಲೋ ಒಂದಿಷ್ಟು ಕೆಂಪು ಇಣುಕಿದರೆ ಸಾಕು. ಬಿಳಿ ಬಳಿದ ಮೇಲೆ ಯಾರು ಬಂದು 'ಇದು ನಂದು' ಅನ್ನುತ್ತಾರೋ ನೋಡೋಣ ಎಂದು.

ಅಂಗಳದಲ್ಲಿ ಬೇವಿನ ನೆರಳಿಗೆ ಕ್ಯಾನ್ವಾಸು ಹಾಸಿದೆ. ನಾಲ್ಕು ದಿನ ಕರಣಿಯಿಂದ ಕಪ್ಪು, ಕೆಮ್ಮಣ್ಣಿನ ಬಣ್ಣ ಮೆತ್ತಿದೆ. ಅದರ ಸಂದಿಗಳಲ್ಲಿ ತೆಳುಗೆಂಪು, ನೀಲಿ ಹರಿಸಿ ಒರೆಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ನೋಡಿ, "ನೆಲ ಸಾರಸೋದಕ್ಕ ಕಾಲೇಜ್ ಬೇಕಾಗಿತ್ತೇನು?" ಎಂದು ಹೋದಳು. ಡ್ರಾಯಿಂಗ್ ಟೀಚರ್ ನೌಕರಿ ಸಿಗುತ್ತದೆ ಎಂಬ ಒಂದೇ ಆಸೆಗೆ ಅಪ್ಪ ನನ್ನನ್ನು ಗುಲ್ಬರ್ಗಕ್ಕೆ ಬಿಟ್ಟಿದ್ದ.

ಐದನೆಯ ದಿನ ಬಿಳಿ ಹಚ್ಚಲು ಕೂತರೆ ಇದ್ದ ಟ್ಯೂಬು ಒಂದು ಮೂಲೆಗೂ ಸಾಲಲಿಲ್ಲ. ಜೇವರ್ಗಿಗೆ ಬಸ್ಸು ಹಿಡಿದು ಹೋದೆ. ಅಂಗಡಿಯವನು ಬೂಟಿಗೆ ಹಚ್ಚುವ ಬಿಳಿ ಕೊಡಲು ಬಂದ. ಗುಲ್ಬರ್ಗದಲ್ಲಿ ಮಾಲು ಬರಲು ಇನ್ನೂ ಹದಿನೈದು ದಿನ ಎಂದು ಅಲ್ಲಿಂದ ಬಂದವರು ಹೇಳಿದರು. ಸುಣ್ಣ ಬಳಿಯೋಣವೆಂದರೆ, ಸುಣ್ಣ ಬಣ್ಣವನ್ನು ತಿನ್ನುತ್ತದೆ ಎಂದು ಆಳಂದದ ಸರ್ ಮೊದಲೇ ಹೇಳಿಕೊಟ್ಟಿದ್ದರು. ಕಾಯುವುದು ನನ್ನ ಜಾಯಮಾನದಲ್ಲಿಲ್ಲ. ಆಗ ದೇವರ ಕೋಣೆಯ ಗೂಡಿನಲ್ಲಿದ್ದ ಗಡಿಗೆ ನೆನಪಾಯಿತು.

ಆ ಗಡಿಗೆಯಲ್ಲಿದ್ದದ್ದು ಮುತ್ಯಾನ ವಿಭೂತಿ ಗಟ್ಟಿಗಳು. ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ಗಾಣಗಾಪುರದ ಅಂಗಡಿಯ ವಿಭೂತಿ ಯಾರಾದರೂ ತಂದುಕೊಟ್ಟರೆ, "ಇದು ಯಾತ್ರಾದವ್ರಿಗಿ. ಬೂದಿ ಅಲ್ಲ, ಪೌಡರ್" ಎಂದು ಪಕ್ಕಕ್ಕಿಡುತ್ತಿದ್ದ. ತನ್ನದನ್ನು ತಾನೇ ಮಾಡಿಕೊಳ್ಳುತ್ತಿದ್ದ. ಚಳಿಗಾಲದಲ್ಲಿ ಮನೆಯ ಆಕಳ ಕುಳ್ಳು ಸುಟ್ಟು, ಬೂದಿ ನೆನೆಸಿ, ಸೋಸಿ, ಮುಷ್ಟಿಯಷ್ಟು ದಪ್ಪದ ಗಟ್ಟಿ ಕಟ್ಟಿ, ಮತ್ತೆ ಸುಟ್ಟು ಬೆಳ್ಳಗೆ ಮಾಡುತ್ತಿದ್ದ. ದಿನಕ್ಕೆ ಬೇಕಾದದ್ದು ಬೇರೆ ಕರಡಿಗೆಯಲ್ಲಿರುತ್ತಿತ್ತು. ಗಡಿಗೆಯಲ್ಲಿದ್ದದ್ದು ಬೇರೆಯ ಬಾಬತ್ತು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಆಗ ಮೈಸುತ್ತ ವಿಭೂತಿ ಗಟ್ಟಿ ಇಡುತ್ತಾರೆ. ನಮ್ಮ ಮನೆತನದಲ್ಲಿ ಇಪ್ಪತ್ತೊಂದು. ಆ ಇಪ್ಪತ್ತೊಂದನ್ನು ಮುತ್ಯಾ ತನಗಾಗಿ ತಾನೇ ಮಾಡಿಟ್ಟುಕೊಂಡಿದ್ದ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ನಾಲ್ಕು ತೆಗೆದುಕೊಂಡೆ. ನಾಲ್ಕೇ ಅಲ್ಲವೇ, ಮುತ್ಯಾ ಗಟ್ಟಿಮುಟ್ಟಾಗಿದ್ದಾನೆ, ಮತ್ತೆ ಮಾಡಿಕೊಳ್ಳುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಕುಟ್ಟಿ, ಜರಡಿ ಹಿಡಿದು, ಅಗಸೆ ಎಣ್ಣೆಯಲ್ಲಿ ಕಲಸಿ ಕರಣಿಯಿಂದ ಇಡೀ ಚಿತ್ರದ ಮೇಲೆ ಎಳೆದೆ.

ಬಿಳಿ ಬರಲಿಲ್ಲ. ತಣ್ಣಗಾದ ಗಂಜಿಯ ಹಾಗೆ ಮಬ್ಬಾಗಿ ಕೂತಿತು. ಆದರೆ ನಾನು ಹೆದರಲಿಲ್ಲ. ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ನೋಡುತ್ತ ಬಂದದ್ದು ಅದನ್ನೇ ತಾನೆ? ವಿಭೂತಿಯನ್ನು ನೀರಲ್ಲಿ ತೇದು ಮೂರು ಬೆರಳಿಂದ ಹಣೆಗೆ ಎಳೆದಾಗ ಏನೂ ಕಾಣುವುದಿಲ್ಲ. ಚಹಾ ಕುಡಿದು ಏಳುವಷ್ಟರಲ್ಲಿ ಮೂರು ಗೆರೆ ಬೆಳ್ಳಗೆ ಎದ್ದು ಬಂದಿರುತ್ತವೆ. ಒಣಗಬೇಕು, ಅಷ್ಟೇ. ಇಜೇರಿಯ ಬಿಸಿಲಿಗೆ ಒಣಗದ್ದು ಯಾವುದಿದೆ? ಕ್ಯಾನ್ವಾಸನ್ನು ನೆರಳಿನಿಂದ ಎಳೆದು ಗೋಡೆಗೆ ಆನಿಸಿ ನಿಲ್ಲಿಸಿದೆ.

ಮುತ್ಯಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. "ಏನ್ ಮಾಡಾಕತ್ತೀದಿ ಬೇ?" ಎಂದು ಕೇಳಿದ.

"ಒಣಾಕ ಇಟ್ಟೇನಿ ಮುತ್ಯಾ. ಒಣಗಿದ ಮ್ಯಾಲ ಬೆಳ್ಳಗಾಗ್ತದ."

"ಏನು ಹಚ್ಚೀದಿ?"

"ಬಣ್ಣ" ಎಂದೆ. ಸುಳ್ಳು ಸಲೀಸಾಗಿ ಬಂತು.

ಎರಡು ದಿನವಾಯಿತು, ನಾಲ್ಕು ದಿನವಾಯಿತು. ಮುತ್ಯಾ ದಿನಾ ಚಹಾದ ಬಟ್ಟಲು ಹಿಡಿದು ಬಂದು, "ಇನ್ನಾ ಆಗಿಲ್ಲಲ್ಲ ಬೇ" ಎಂದು ಕಟ್ಟೆಗೆ ಕೂಡುತ್ತಿದ್ದ. ಎಣ್ಣೆ ಎಂದರೆ ನೀರಲ್ಲ, ಅದು ಆರಿ ಹೋಗುವುದಿಲ್ಲ, ಬೂದಿಯನ್ನು ನುಂಗಿಕೊಂಡೇ ಗಟ್ಟಿಯಾಗುತ್ತದೆ ಎಂಬ ಸಣ್ಣ ವಿಷಯ ಮೂರು ವರ್ಷ ಎಣ್ಣೆಬಣ್ಣ ಕಲಿತವಳ ತಲೆಗೆ ಹೊಳೆಯಲಿಲ್ಲ. ಹಣೆ ಕಲಿಸಿದ ಪಾಠದ ಮುಂದೆ ಶಾಲೆಯ ಪಾಠ ಸೋತಿತ್ತು. ಆರನೆಯ ದಿನ ಕರಣಿ ಎಸೆದೆ, ಬಕೆಟ್ಟಿಗೆ ಒದ್ದೆ, ಅವ್ವನಿಂದ ಬೈಸಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಬಿಸಿಲನ್ನೂ ಬೈದೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಬಂದವಳು ಅಲ್ಲೇ ನಿಂತೆ. ಓರೆ ಬಿಸಿಲು ಕ್ಯಾನ್ವಾಸಿನ ಮೇಲೆ ಬಿದ್ದಿತ್ತು. ಆ ಮಬ್ಬಿನ ಕೆಳಗೆ ಕೆಂಪು, ಕಪ್ಪು, ನೀಲಿ ಎಲ್ಲವೂ ಇದ್ದವು. ಬೇಸಿಗೆಯ ಭೀಮಾ ಹೊಳೆಯಲ್ಲಿ ಮೊಣಕಾಲು ನೀರಿನ ತಳದಲ್ಲಿ ಕಲ್ಲು ಕಾಣುತ್ತವಲ್ಲ, ಹಾಗೆ. ಆಳಂದದ ಸರ್ ಭಾರವೂ ಅಲ್ಲಿತ್ತು, ಅಫಜಲಪುರದ ಸರ್ ಒರೆಸಿದ್ದೂ ಅಲ್ಲಿತ್ತು, ಆದರೆ ಎರಡೂ ದೂರ ಹೋಗಿದ್ದವು. ನಡುವೆ ಯಾವುದೋ ಒಂದು ತೆಳುವಾದದ್ದು ಬಂದು ನಿಂತಿತ್ತು. ಅಂಥದ್ದನ್ನು ನಾನು ಅಲ್ಲಿಯವರೆಗೆ ಯಾರ ಚಿತ್ರದಲ್ಲೂ ಕಂಡಿರಲಿಲ್ಲ. ಬಾಯಿ ಮುಕ್ಕಳಿಸದೆಯೇ ದೇವರ ಕೋಣೆಗೆ ಓಡಿದೆ.

ಇಲ್ಲಿಂದ ಮುಂದಿನದನ್ನು ತಿಳಿಯದೆ ಆದ ತಪ್ಪು ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಮೊದಲ ನಾಲ್ಕು ಗಟ್ಟಿಯನ್ನು ತಿಳಿಗೇಡಿತನಕ್ಕೆ ತೆಗೆದೆ ಎನ್ನಬಹುದು. ಉಳಿದವನ್ನು ಕಣ್ಣು ತೆರೆದೇ ತೆಗೆದೆ. ಚಿತ್ರದ ಒಂದು ಕಡೆ ಬೂದಿಯ ಎರಡು ಕೋಟು, ಇನ್ನೊಂದು ಕಡೆ ಆರು. ಒಂದು ಕಡೆ ಕರಣಿಯ ಮೂಲೆಯಿಂದ ಕೆರೆದು ಕೆಳಗಿನ ಕೆಂಪು ಎತ್ತುವುದು, ಇನ್ನೊಂದು ಕಡೆ ಒರೆಸಿ ಮಂಜಿನಷ್ಟೇ ಉಳಿಸುವುದು. ದಿನಕ್ಕೆರಡು, ಮೂರು ಗಟ್ಟಿ. ಗಡಿಗೆಯೊಳಗೆ ಕೈ ಹಾಕಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ, ಆದರೆ ಕೈ ಹಿಂದೆ ಬರುತ್ತಿರಲಿಲ್ಲ. ಕೊನೆಗೊಂದು ದಿನ ಬೆರಳಿಗೆ ಗಡಿಗೆಯ ತಳ ಸಿಕ್ಕಿತು. ಅದರ ಬಾಯಿಗೆ ಅರಿವೆ ಮೊದಲಿದ್ದಂತೆಯೇ ಕಟ್ಟಿ ಗೂಡಿನಲ್ಲಿಟ್ಟೆ.

ಕ್ಯಾನ್ವಾಸನ್ನು ಕೌದಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಜೋಳದ ಚೀಲಗಳ ನಡುವೆ ಕಟ್ಟಿಸಿ ಗುಲ್ಬರ್ಗಕ್ಕೆ ತಂದೆ. ಸರ್‌ಗಳಿಬ್ಬರೂ ಅದರ ಮುಂದೆ ನಿಂತರು. ಆಳಂದದ ಸರ್ ಉಗುರಿಂದ ಅಂಚು ಕೆರೆದರು, ಮೂಸಿದರು.

"ಏನು ಹಚ್ಚೀದಿ ಇದಕ್ಕ?"

"ಹೇಳಂಗಿಲ್ರಿ ಸರ್."

ಗುರುಗಳಿಗೆ ಹಾಗೆ ಉತ್ತರ ಕೊಟ್ಟವರು ಆ ಶಾಲೆಯಲ್ಲಿ ಅದಕ್ಕೂ ಮೊದಲು ಯಾರೂ ಇರಲಿಕ್ಕಿಲ್ಲ. ಸೊಕ್ಕು ಅಂದರೆ ಸೊಕ್ಕು. ಆದರೆ ಒಳಗೊಳಗೆ ಪುಕುಪುಕು ಇತ್ತು. ಹೇಳಿದರೆ, ಎಲ್ಲಿಂದ ತಂದೆ ಎಂದು ಕೇಳುತ್ತಾರಲ್ಲ.

ಮುಂದಿನ ಎಂಟು ದಿನ ಆ ಇಬ್ಬರು ಸೇರಿ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮಾತು ಬಿಟ್ಟಿದ್ದವರು ಒಂದೇ ಮೇಜಿಗೆ ಬಗ್ಗಿ ನಿಂತು ಎಣ್ಣೆಯಲ್ಲಿ ಪ್ಲಾಸ್ಟರ್ ಪುಡಿ ಕಲಸಿದರು, ಮುಖಕ್ಕೆ ಹಚ್ಚುವ ಪೌಡರ್ ಕಲಸಿದರು, ಮೈದಾ ಹಿಟ್ಟು ಕಲಸಿದರು, ಮೇಣ ಕರಗಿಸಿ ಸುರಿದರು. ಒಂದು ಮುದ್ದೆಯಾಯಿತು, ಒಂದು ಸೀಳಿತು, ಮೈದಾಕ್ಕೆ ಇರುವೆ ಮುತ್ತಿದವು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಫಜಲಪುರದ ಸರ್ ತಲೆ ಎತ್ತಿ, "ಸುಳಿವಾದ್ರೂ ಕೊಡವ್ವ" ಎಂದರು. ಅವರ ಹಣೆಯ ಮೇಲೆ ಮೂರು ಗೆರೆ ಬೆಳ್ಳಗೆ ಹೊಳೆಯುತ್ತಿದ್ದವು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ಗುರುವಿಗೇ ತಿರುಮಂತ್ರ ಹಾಕಿದ ಆ ಎಂಟು ದಿನ ನನ್ನ ಬದುಕಿನ ಒಳ್ಳೆಯ ದಿನಗಳು.

ಒಂಬತ್ತನೆಯ ದಿನ ಇಬ್ಬರೂ ಮತ್ತೆ ಚಿತ್ರದ ಮುಂದೆ ಬಂದು ನಿಂತರು. "ಇದು ನಂದಲ್ಲ" ಎಂದರು ಆಳಂದದ ಸರ್. "ನಂದೂ ಅಲ್ಲ" ಎಂದರು ಅಫಜಲಪುರದ ಸರ್. ಇಬ್ಬರೂ ಜೇಬಿನಿಂದ ಪೆನ್ನು ತೆಗೆದರು.

ಅಲ್ಲಿಗೆ ನಾನು ಗೆದ್ದಿದ್ದೆ. ಆದರೆ ಇಜೇರಿಯ ಗೂಡಿನಲ್ಲಿ ಬರಿ ಗಡಿಗೆ ಕೂತಿತ್ತು.

ವರ್ಷದ ಕೊನೆಯ ಪ್ರದರ್ಶನಕ್ಕೆ ಅಪ್ಪ ಮುತ್ಯಾನನ್ನು ಕರೆದುಕೊಂಡು ಬಂದ. ಮುತ್ಯಾ ಹೊಸ ಧೋತರ ಉಟ್ಟು ಕೋಲೂರಿಕೊಂಡು ಹಾಲ್ ಸುತ್ತಿ ನನ್ನ ಚಿತ್ರದ ಮುಂದೆ ನಿಂತ. "ಇದು ಅಂಗಳದಾಗ ಒಣಾಕ ಇಟ್ಟಿದ್ದಲ್ಲ? ಇನ್ನಾ ಬೆಳ್ಳಗಾಗಿಲ್ಲಲ್ಲ ಬೇ."

"ಆಗಂಗಿಲ್ಲ ಮುತ್ಯಾ" ಎಂದೆ. ಇನ್ನು ತಡೆಯಲಾಗಲಿಲ್ಲ. "ಅದಕ್ಕ ಹಚ್ಚಿದ್ದು ನಿನ್ನ ವಿಭೂತಿ. ಗಡಿಗ್ಯಾಗಿಂದು."

"ಎಷ್ಟು?"

"ಎಲ್ಲಾ."

ಅಪ್ಪ ನನ್ನ ಮೇಲೆ ಕೈ ಎತ್ತಿಕೊಂಡೇ ಬಂದ. ಮುತ್ಯಾ ಕೋಲು ಅಡ್ಡ ಹಿಡಿದ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಬೆಂಚಿಗೆ ಕೂತು ಎರಡೂ ಕೈಯನ್ನು ಕೋಲಿನ ಮೇಲಿಟ್ಟು ಚಿತ್ರವನ್ನೇ ನೋಡಿದ. ಮುಖ ಕೆಂಪಾಗಿತ್ತು. ಅಷ್ಟು ಸಿಟ್ಟು ಅವನ ಮುಖದಲ್ಲಿ ನಾನು ನೋಡಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿತ್ರವೂ ಬೇಡ, ಸಹಿಯೂ ಬೇಡ, ಅವನು ಒಂದು ಮಾತಾಡಿದರೆ ಸಾಕು ಅನ್ನಿಸಿತು.

ಕೊನೆಗೆ ಎದ್ದ. ಚಿತ್ರದ ಹತ್ತಿರ ಹೋಗಿ ಮೂರು ಬೆರಳಿಂದ ಮುಟ್ಟಿದ. "ಮಣ್ಣಾಗ ಹೋಗೋದು ಗ್ವಾಡಿಗಿ ಹತ್ತೇದ" ಎಂದ. "ಆಗಲಿ. ಆದ್ರ ನಂದು ನನಗ ಬೇಕು. ನಿನ್ನ ಕೈಲೆ ಮಾಡಿಕೊಡು. ಇಪ್ಪತ್ತೊಂದು ಆಗೋತನ ನಾ ಎಲ್ಲೂ ಹೋಗಂಗಿಲ್ಲ."

ಆ ಚಳಿಗಾಲ ಇಜೇರಿಯ ಅಂಗಳದಲ್ಲಿ ನನಗೆ ಮೂರನೆಯ ಗುರು ಸಿಕ್ಕ. ಮೊದಲಿಬ್ಬರು ಎಷ್ಟೋ ವಾಸಿ. ಬೂದಿ ಎರಡು ಸಲ ಸೋಸಿದರೆ, "ಇನ್ನೊಮ್ಮಿ" ಎನ್ನುತ್ತಿದ್ದ. ನನ್ನ ಮೊದಲ ಗಟ್ಟಿಗಳು ಒಣಗುವಾಗ ಸೀಳಿದವು. ಎರಡನೆಯ ಸಲದವು ಬೆಂಕಿಯಲ್ಲಿ ಬೆಳ್ಳಗಾಗದೆ ಇಲಿ ಬಣ್ಣಕ್ಕೆ ತಿರುಗಿದವು. ಮುತ್ಯಾ ಅವನ್ನು ಎತ್ತಿ ಬೆಳಕಿಗೆ ಹಿಡಿದು, "ಇದನ್ನ ನಿನ್ನ ಚಿತ್ರಕ್ಕ ಹಚ್ಚು, ನನಗ ಬ್ಯಾಡ" ಎಂದು ಬುಟ್ಟಿಗೆ ಹಾಕುತ್ತಿದ್ದ. ಆ ಬುಟ್ಟಿಯಿಂದಲೇ ಮುಂದಿನ ಎಷ್ಟೋ ಚಿತ್ರ ಮಾಡಿದೆ. ಬೂದಿಯನ್ನು ನೀರಿನಲ್ಲಿ ಎಷ್ಟು ಹೊತ್ತು ಬಿಟ್ಟರೆ ಎಷ್ಟು ನುಣ್ಣಗೆ ಇಳಿಯುತ್ತದೆ ಎಂಬುದನ್ನು ನನಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ಮೂರು ಚಳಿಗಾಲಕ್ಕೆ ಇಪ್ಪತ್ತು ಗಟ್ಟಿ ಗಡಿಗೆ ಸೇರಿದವು. ಅಷ್ಟರಲ್ಲಿ ನನಗೆ ಅಫಜಲಪುರದ ಕಡೆ ಡ್ರಾಯಿಂಗ್ ಟೀಚರ್ ನೌಕರಿ ಸಿಕ್ಕಿತ್ತು. ಆಗ ಮುತ್ಯಾನ ಮಾತು ನನ್ನ ತಲೆಯಲ್ಲಿ ಕೂತಿತು. ಇಪ್ಪತ್ತೊಂದು ಆಗುವತನಕ ಎಲ್ಲೂ ಹೋಗುವುದಿಲ್ಲ ಎಂದಿದ್ದನಲ್ಲ? ಸರಿ, ಆಗುವುದೇ ಬೇಡ. ಮುಂದಿನ ಚಳಿಗಾಲ ಬಂದು ಒಂದು ಗಟ್ಟಿ ಮಾಡಿದೆ, ಚೆನ್ನಾಗಿಯೇ ಬಂತು. ಅವನು ಅತ್ತ ತಿರುಗಿದಾಗ ಕಲ್ಲಿನ ಮೇಲೆ ಬಿಟ್ಟೆ. ಅದರ ಮರುವರ್ಷವೂ ಹಾಗೇ. "ಈ ಸಲನೂ ಒಡೀತೇನು?" ಎಂದು ಕೇಳಿದ.

"ಒಡೀತು ಮುತ್ಯಾ."

"ಕೈ ಇನ್ನಾ ಕೂತಿಲ್ಲ ನಿಂದು" ಎಂದು ನಕ್ಕ. ಐದು ಚಳಿಗಾಲ ಹೀಗೇ ಕಳೆದೆ. ಓದಿದವಳು ಇಂಥದ್ದನ್ನೆಲ್ಲ ನಂಬಬಹುದೇ ಎಂದು ಕೇಳುವವರು ಕೇಳಲಿ. ಐದೂ ವರ್ಷ ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿದ, ನನಗೆ ಅಷ್ಟು ಸಾಕಾಗಿತ್ತು.

ಆರನೆಯ ಚಳಿಗಾಲ ನಾನು ಊರಿಗೆ ಬರುವುದು ಒಂದು ವಾರ ತಡವಾಯಿತು. ಮುತ್ಯಾ ಇಳಿದು ಹೋಗಿದ್ದ, ಕೋಲಿದ್ದರೂ ಗೋಡೆ ಹಿಡಿದು ನಡೆಯುತ್ತಿದ್ದ. ಪಡಸಾಲೆಯ ಮೊರದಲ್ಲಿ ಒಂದೇ ಒಂದು ಗಟ್ಟಿ ಒಣಗಲು ಇಟ್ಟಿತ್ತು. ಎತ್ತಿಕೊಂಡೆ. ನಾನು ಹೆಬ್ಬೆರಳಿಂದ ಒತ್ತಿ ಗಟ್ಟಿ ಕಟ್ಟುವವಳು. ಇದರ ಮೇಲೆ ಮೂರು ಬೆರಳಿನ ಗುರುತಿತ್ತು, ನಡುಗಿ ಅಲ್ಲಲ್ಲಿ ಸರಿದ ಗುರುತು. ಯಾರ ಕೈ ಯಾವುದೆಂದು ಗುರುತಿಸುವುದನ್ನು ನನಗೆ ಇಬ್ಬರು ಗುರುಗಳು ಎಲ್ಲರ ಮುಂದೆ ಮಾನ ಕಳೆದು ಕಲಿಸಿದ್ದರು.

"ಇದು ನಂದಲ್ಲ ಮುತ್ಯಾ" ಎಂದೆ. ಅಲ್ಲೇ ಅವನ ಎದುರಿಗೇ ಅತ್ತುಬಿಟ್ಟೆ.

"ನಂದು ಬೇ" ಎಂದ ಮುತ್ಯಾ. "ಇನ್ನಾ ಹಸಿ ಅದ. ಕೆಳಗಿಡು."